ಟೇಪಣ್ಣನ ಕಾಲಳತೆ

“ನೋಡ್ತಿರು, ಬೆಟ್ಟಗಳೇ ಬಂದು ನನ್ನ ಚಕ್ರದಡಿ ಮಲಗ್ತವೆ!” ಎಂದು ಟೇಪಣ್ಣ ಕತ್ತರಿಯನ್ನು ಕತ್ತಿಯಂತೆ ಮೇಲೆತ್ತಿ ಸಾರಿದ.

“ಬೆಟ್ಟ ಆಮೇಲೆ ಮಲಗ್ಲಿ, ಆ ಪ್ಯಾಂಟು ಮಲಗಿಸಿ ಇಸ್ತ್ರಿ ಮಾಡಿ,” ಎಂದಳು ಗುಂಡಿ ಹೊಲಿಯುತ್ತಿದ್ದ ಹೆಂಡತಿ.

ಟೇಪಣ್ಣ ದರ್ಜಿ. ಕುತ್ತಿಗೆಯಲ್ಲಿ ಸದಾ ಅಳತೆಯ ಟೇಪು ಜೋತಾಡುವುದರಿಂದ ಆ ಹೆಸರು. ದಾರಿಹೋಕರ ಸೊಂಟವನ್ನು ಕಣ್ಣಳತೆಯಲ್ಲೇ ಹೇಳಬಲ್ಲ. ಆಳು ಮಾತ್ರ ಗಿಡ್ಡ. ಹೆಂಡತಿಯ ಜೊತೆ ಜಗಳವಾಡಲೂ ತಲೆ ಎತ್ತಬೇಕು. ಮದುವೆಗೆ ಮುಂಚೆ ಅಪ್ಪನ ಬೈಕಿನಲ್ಲಿ ಮನೆಮನೆಗೆ ಪೇಪರ್ ಹಾಕಿ ಬಂದವಳು ಅವಳು. ಇವನೋ, ಪರಿಚಯದ ಮೆಕ್ಯಾನಿಕ್‌ನ ಪುಟ್ಟ ಬೈಕಿನಲ್ಲಿ ಮೈದಾನ ಸುತ್ತಿ ಮೊನ್ನೆಯಷ್ಟೇ ಲೈಸೆನ್ಸ್ ಪಡೆದ ಮಹಾವೀರ. ಈಗ ಬೆಟ್ಟ ಹತ್ತುವ ಎತ್ತರದ ಅಡ್ವೆಂಚರ್ ಬೈಕೇ ಬೇಕು, ಹಳೆಯದಾದರೂ ಸರಿ!

ಮಾರುವವನ ಅಂಗಳದಲ್ಲಿ ಮೆಕ್ಯಾನಿಕ್ ಬಡಕೊಂಡ: “ಅಣ್ಣಾ, ಟೈರ್ ನೋಡಿ, ಚೈನ್ ನೋಡಿ.” ಟೇಪಣ್ಣ ನೋಡಿದ್ದು ಸೀಟಿನ ಹೊಲಿಗೆ! “ಆಹಾ, ಡಬಲ್ ಹೊಲಿಗೆ ಕಣೋ! ಇಂಥಾ ಗಾಡಿ ಕೆಡುತ್ತಾ?”

“ಎತ್ತರ ಜಾಸ್ತಿ ಆಗಲ್ವಾ?” ಎಂದ ಮೆಕ್ಯಾನಿಕ್.

ಟೇಪಣ್ಣ ಹತ್ತಿ ಕೂತ. ಎಡಗಾಲು ಹಾಯಾಗಿ ಊರಿತು. “ನೋಡು, ನನಗೇ ಅಂತ ಹೊಲಿದ ಹಾಗಿದೆ!” ಕಾಲು ಊರಿದ್ದು ಜಗಲಿಯ ಮೆಟ್ಟಿಲ ಮೇಲೆ. ಅದನ್ನು ನೋಡಲು ಅವನಿಗೆ ಪುರುಸೊತ್ತಿರಲಿಲ್ಲ; ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದ.

ದುಡ್ಡು ಕೊಟ್ಟಾಯಿತು; ಮೆಕ್ಯಾನಿಕ್ಕೇ ಬೈಕನ್ನು ಓಡಿಸಿಕೊಂಡು ಬಂದು ಅಂಗಡಿಯ ಮೂಲೆಯಲ್ಲಿ ನಿಲ್ಲಿಸಿದ. ಹೆಂಡತಿ ಕೆಂಡವಾದಳು. ಆ ಮೂಲೆ ಅವಳು ವರ್ಷಗಳಿಂದ ಕೇಳುತ್ತಿದ್ದ, ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ನಿಗೆ ಮೀಸಲಾಗಿತ್ತು.

“ಭಾನುವಾರ ನನ್ನ ಕೂರಿಸ್ಕೊಂಡು ಅಕ್ಕನ ಮನೆಗೆ ಓಡಿಸಿ. ಆಗದಿದ್ರೆ ಬೈಕು ಹೊರಗೆ, ಮೆಷಿನ್ ಒಳಗೆ!”

“ಅಕ್ಕನ ಮನೆ ಏನು, ಆಕಾಶಕ್ಕೇ ಓಡಿಸ್ತೀನಿ!”

ಅಲಂಕಾರ ಶುರುವಾಯಿತು. ಎರಡು ಪಕ್ಕಕ್ಕೂ ಕಬ್ಬಿಣದ ಪೆಟ್ಟಿಗೆ, ಎಂಜಿನ್ನಿಗೆ ಗಾರ್ಡು, ಮಂಜಿಗೆ ಹಳದಿ ದೀಪ! ತನಗೊಂದು ಜಾಕೀಟನ್ನೂ ಹೊಲಿದುಕೊಂಡ. ಅದರಲ್ಲಿ ಜೇಬಿನೊಳಗೊಂದು ಜೇಬು. ಮದುಮಗಳನ್ನು ಸಿಂಗರಿಸಿದ್ದೇ ಬಂತು, ಪಕ್ಕದಲ್ಲಿ ನಿಂತು ಎತ್ತರ ನೋಡುವ ಗೋಜಿಗೆ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಬೈಕನ್ನು ಹೊರಗೆ ತಂದು, ಸ್ಟ್ಯಾಂಡ್ ತೆಗೆಯದೆಯೇ ಹತ್ತಿದ. ಎರಡೂ ಕಾಲು ಒಣಹಾಕಿದ ಪೈಜಾಮದಂತೆ ಗಾಳಿಯಲ್ಲಿ ತೂಗಾಡಿದವು!

“ಮೊದ್ಲು ಒಬ್ರೇ ಒಂದು ಸುತ್ತು ಹಾಕಿ ಬನ್ನಿ. ನನಗೆ ಪ್ರಾಣದ ಮೇಲೆ ಆಸೆ ಇದೆ,” ಎಂದಳು ಹೆಂಡತಿ.

ಟೇಪಣ್ಣ ಸೋಲುವವನೇ? ಬೈಕನ್ನು ಅಂಗಡಿಯ ಮೆಟ್ಟಿಲಿಗೆ ಒತ್ತಿ ನಿಲ್ಲಿಸಿ, ಅಲ್ಲಿಂದ ಕಾಲು ಕೊಟ್ಟು ಭರ್‍ರೆಂದು ಹೊರಟ. ಬೀದಿ ಸುತ್ತಿ ಗೆದ್ದು ಬಂದ. ಬಂದರೆ, ಮೆಟ್ಟಿಲಿಗೆ ಅಡ್ಡವಾಗಿ ತರಕಾರಿಯ ತಳ್ಳುಗಾಡಿ! ಕಾಲೂರಲು ಮೆಟ್ಟಿಲಿಲ್ಲ, ಮೆಟ್ಟಿಲಿಲ್ಲದೆ ನಿಲ್ಲುವಂತಿಲ್ಲ. ಮುಂದೆ ಹೋದ.

“ಏನ್ರೀ, ಇಳಿಯಲ್ವಾ?”

“ಎಂಜಿನ್ ಕಾಯ್ಲಿ ಅಂತ!”

ಮತ್ತೊಂದು ಸುತ್ತು.

“ಬೀದಿ ಅಳೀತಿದೀರಾ?”

“ಆ ತಳ್ಳುಗಾಡಿ ತೆಗೆಸೇ!”

ಇನ್ನೊಂದು ಸುತ್ತು.

“ತರಕಾರಿಯವ್ನು ಚಕ್ರಕ್ಕೆ ಬೀಗ ಹಾಕಿ ಟೀ ಕುಡಿಯೋಕೆ ಹೋಗಿದಾನೆ ಕಣ್ರೀ!”

“ನಾನೆಲ್ಲಿಗೆ ಹೋಗ್ಲೇ?”

“ಪೆಟ್ರೋಲ್ ಮುಗಿದ್ರೆ ತಾನೇ ನಿಲ್ಲುತ್ತೆ ಬಿಡಿ!”

“ಅದು ನಿಂತ್ರೆ ನಾನು ಬೀಳ್ತೀನಿ ಕಣೇ!”

ಅಷ್ಟರಲ್ಲಿ ಬೀದಿಯೆಲ್ಲ ಬಾಗಿಲಿಗೆ ಬಂದಿತ್ತು. ಹೆಂಡತಿ ಒಳಗೆ ಹೋಗಿ, ಪ್ಯಾಂಟಿನ ಉದ್ದ ಗುರುತು ಹಾಕಲು ಗಿರಾಕಿಗಳನ್ನು ನಿಲ್ಲಿಸುವ ಗಿಡ್ಡ ಸ್ಟೂಲನ್ನು ತಂದು ರಸ್ತೆಯ ಅಂಚಿಗಿಟ್ಟಳು. ಟೇಪಣ್ಣ ಬ್ರೇಕ್ ಒತ್ತಿ, ಕಣ್ಣು ಮುಚ್ಚಿ, ಕಾಲು ಚಾಚಿದ. ಊರಿತು! ಆದರೆ ಆ ಕಾಲು ಎತ್ತಿದರೆ ಬೈಕು ಮೈಮೇಲೆ. ವೃತ್ತದಲ್ಲಿ ನಿಲ್ಲಿಸಿದ ಪ್ರತಿಮೆಯಂತೆ ಅಲ್ಲಾಡದೆ ಕೂತ.

ಹೆಂಡತಿ ಅವನ ಕುತ್ತಿಗೆಯಿಂದ ಟೇಪನ್ನು ಎಳೆದು, ಊರೆದುರು ಅವನ ಕಾಲಳತೆ ತೆಗೆದಳು. “ಊರಿನ ಕಾಲೆಲ್ಲ ಅಳೆದ್ರಿ, ಇದೊಂದು ಬಿಟ್ಟು!”

ಆಮೇಲೆ ಹ್ಯಾಂಡಲ್ ಹಿಡಿದು ಅವನನ್ನು ಇಳಿಸಿಕೊಂಡು, ತಾನು ಹತ್ತಿದಳು. ಎರಡೂ ಪಾದ ನೆಲದ ಮೇಲೆ ಚಪ್ಪಟೆಯಾಗಿ ಕೂತವು!

“ಆ ಜಾಕೀಟು ಬಿಚ್ಚಿಕೊಡಿ. ಸ್ಟೂಲು ಪೆಟ್ಟಿಗೇಲಿಡಿ, ಹಿಂದೆ ಹತ್ತೋಕೆ ಇಳಿಯೋಕೆ ನಿಮಗೆ ಬೇಕಾಗುತ್ತೆ.”

“ಮತ್ತೆ ಆ ಮೂಲೆ?” ಎಂದ ಟೇಪಣ್ಣ ಸಣ್ಣ ದನಿಯಲ್ಲಿ.

“ನಾಳೆ ಮೆಷಿನ್ ಬರುತ್ತೆ. ಬೈಕು ಹೊರಗಿರ್ಲಿ, ನನಗೆ ತೆಗೆಯೋಕೆ ಸುಲಭ,” ಎಂದವಳು ಜಾಕೀಟು ತೊಟ್ಟು ಕೈ ಚಾಚಿ ನೋಡಿದಳು. ಅದರ ತೋಳು ಮೊಣಕೈಯಿಂದ ಸ್ವಲ್ಪ ಕೆಳಗೇ ನಿಂತಿತ್ತು.

“ಗಿಡ್ಡ ಆಯ್ತು. ಬುಧವಾರದೊಳಗೆ ಬೇರೆ ಹೊಲೀರಿ. ಈ ಸಲ ಅಳತೆ ತಗೊಂಡು!”