ನನ್ನ ನಾಯಕತ್ವದಲ್ಲಿ ಕಾಯಿ ಸುಲಿಯುವ ಯಂತ್ರ

ತೆಂಗಿನಕಾಯಿ ಸುಲಿಯುವ ಯಂತ್ರವೊಂದನ್ನು ಮಾಯಸಂದ್ರದ ನಮ್ಮ ತೋಟದಲ್ಲೇ ತಯಾರಿಸಬೇಕೆಂದು ನಾನು ತೀರ್ಮಾನಿಸಿದ್ದು ಮರದ ನೆರಳಲ್ಲಿ, ಮಂಚದ ಮೇಲೆ. ಗರಿಗಳ ಸಂದಿಯಿಂದ ಬಿಸಿಲು ಜಿನುಗುತ್ತಿತ್ತು. ಅರೆನಿದ್ದೆಯಲ್ಲಿ ಕಾಯಿಗಳು ಮೋಡದ ಹಾಗೆ ತೇಲಿ ಬಂದು, ತಾವಾಗಿಯೇ ಸಿಪ್ಪೆ ಕಳಚಿಕೊಂಡು, ನನಗೆ ನಮಸ್ಕರಿಸಿ ಹೋಗುತ್ತಿದ್ದವು. ಇನ್ನೇನು ಬೇಕು? ಯಂತ್ರ ಮುಕ್ಕಾಲು ಮುಗಿದಂತೆಯೇ!

ವೆಲ್ಡಿಂಗ್ ಅಂಗಡಿಯ ನಾಗರಾಜುವಿಗೆ ಮುಳ್ಳಿನ ರೋಲರ್‌ಗಳ ಕೆಲಸ, ಮೋಟರ್ ರಿಪೇರಿಯ ಮಂಜನಿಗೆ ಅವನ್ನು ತಿರುಗಿಸುವ ಕೆಲಸ ಒಪ್ಪಿಸಿದೆ.

"ಏನಿದ್ರೂ ನನ್ನೇ ಕೇಳ್ರಪ್ಪ. ನೀವಿಬ್ರೇ ಮಾತಾಡ್ಕೋಬೇಡಿ," ಎಂದು ಕಟ್ಟಪ್ಪಣೆ ಮಾಡಿದೆ. ಅವರವರೇ ಮಾತಾಡಿಕೊಂಡರೆ ನಾಯಕನಿಗೇನು ಕೆಲಸ?

"ಅಣ್ಣ, ಮುಳ್ಳು ಯಾವ ಕಡೀಕೆ ಬಾಗಿಸ್ಲಿ?" ಎಂದು ನಾಗರಾಜು ಕೇಳಿದ.

ಗೊತ್ತಿಲ್ಲ ಎನ್ನಲು ನಾಯಕನಿಗೆ ಬಾಯಿ ಬರುತ್ತದೆಯೇ? "ಒಳಕ್ಕೆ," ಎಂದೆ, ಕಣ್ಣು ಮುಚ್ಚಿಕೊಂಡೇ.

ಮರುದಿನ ಮಂಜ, "ರೋಲರ್ ಯಾವ ಕಡೀಕೆ ತಿರುಗ್ಬೇಕಣ್ಣ?" ಎಂದ. ಆಗ ಹಿತವಾದ ಗಾಳಿ ಬೀಸುತ್ತಿತ್ತು. "ಹೊರಕ್ಕೆ," ಎಂದೆ.

"ಇಬ್ರನ್ನೂ ಒಂದ್ಸಾರಿ ಎದುರುಬದುರು ಕೂರಿಸ್ರೀ," ಎಂದಳು ಹೆಂಡತಿ ಗಿರಿಜ.

"ಇದು ನಾಯಕತ್ವ ಕಣೇ. ನಿಂಗೆ ಗೊತ್ತಾಗಲ್ಲ ಬುಡು!"

ಯಂತ್ರ ಸಿದ್ಧವಾಯಿತು. ಅದನ್ನು ನಂಬಿ ಅಟ್ಟದ ಕಾಯಿಯನ್ನೆಲ್ಲ ಇಳಿಸಿದ್ದೆ. ಸುಲಿಯುವ ಆಳುಗಳಿಗೆ ಬರಬೇಡಿ ಎಂದೂ ಹೇಳಿಬಿಟ್ಟಿದ್ದೆ. ಚಿಕ್ಕನಾಯಕನಹಳ್ಳಿಯಿಂದ ಭಾವಮೈದ ಶಿವಣ್ಣನೂ ಬಂದ. ಚೆನ್ನಾಗಿದ್ದರೆ ತನಗೂ ಒಂದು ಬೇಕಂತೆ. ಕಿರುಭಾಷಣವೊಂದನ್ನು ಮಾಡಿ ಸ್ವಿಚ್ ಒತ್ತಿದೆ.

ಕಾಯಿ ರೋಲರ್‌ಗಳಿಗೆ ಸಿಗಲೇ ಇಲ್ಲ. ಮೇಲೆ ನಿಂತು ಕುಣಿಯಿತು. ಇನ್ನೂ ಕುಣಿಯಿತು. ಆಮೇಲೆ ಒಂದೆಳೆ ನಾರೂ ಕಳಚದೆ ಹಾರಿತು! ನೀಲಿ ಆಕಾಶದಲ್ಲಿ ಎಷ್ಟು ಚೆಂದ ಹೋಗುತ್ತಿತ್ತು! ನಾನು ಮೈಮರೆತು ನೋಡುತ್ತ ನಿಂತೆ. ಕಾಯಿ ಶಿವಣ್ಣನ ಹೊಸ ಬೈಕಿನ ಹೆಡ್‌ಲೈಟಿನ ಮೇಲೆ ಇಳಿಯಿತು.

"ಬಾವ, ಇದು ಸುಲಿಯೋದಾ, ಹೊಡಿಯೋದಾ?" ಎಂದ ಶಿವಣ್ಣ.

ನಾಗರಾಜು ಮಂಜನ ಕಡೆ ತಿರುಗಿದ. "ಮುಳ್ಳು ಒಳಕ್ಕಿರ್ಲಿ ಅಂದ್ರಪ್ಪ ಅಣ್ಣ."

"ನಂಗೆ ಹೊರಕ್ಕೆ ತಿರುಗ್ಸು ಅಂದ್ರು ಕಣ್ಲಾ!"

ಗಿರಿಜ ಇಬ್ಬರನ್ನೂ ಒಂದೇ ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟಳು. ನನಗೆ ಮಾತ್ರ, "ನೀವು ಹೋಗಿ ಮಲಕ್ಕೊಳ್ರೀ," ಎಂದಳು.

ಮಲಗಿದೆ. ಎದ್ದಾಗ ಸಂಜೆಯ ಹೊಂಬಿಸಿಲಲ್ಲಿ ಯಂತ್ರ ಗುಂಯ್‌ಗುಡುತ್ತ ಕಾಯಿ ಸುಲಿಯುತ್ತಿತ್ತು. ಮೋಟರಿನ ಎರಡು ವೈರ್ ಅದಲುಬದಲು ಮಾಡಿದರಂತೆ. ಅಷ್ಟೇ!

ಶಿವಣ್ಣ ತನ್ನ ತೋಟಕ್ಕೂ ಒಂದು ಮಾಡಿಕೊಡಿ ಎಂದ. ನಾಗರಾಜು, ಮಂಜ ಗುಸುಗುಸು ಮಾತಾಡಿಕೊಂಡು ಒಪ್ಪಿದರು. ಷರತ್ತು ಒಂದೇ.

"ನಿಮ್ ಬಾವ ಆ ಕಡೀಕೆ ಬರ್ದಿರೋ ದಿನ ನೋಡಿ ಹೇಳ್ರಣ್ಣ, ಬತ್ತೀವಿ."

ಶಿವಣ್ಣ ಒಪ್ಪಿದ. ನನ್ನ ಹೆಂಡತಿ ಅವನಿಗಿಂತ ಮೊದಲು ಒಪ್ಪಿದಳು. ಇಷ್ಟೊಂದು ಒಗ್ಗಟ್ಟು ನಾನು ನಾಯಕನಾಗಿದ್ದಷ್ಟು ದಿನವೂ ಕಂಡಿರಲಿಲ್ಲ!