ಕಣ್ಣು ತೆರೆಯದ ಮೀನು

ಬೆನ್ನಿಗೆ ಹಚ್ಚೆ ಹಾಕಿಸಿಕೊಳ್ಳುವವರು ಬೋರಲು ಮಲಗಿರಬೇಕು. ಸುತ್ತ ಏನು ನಡೆಯುತ್ತಿದೆ ಎಂದು ಕಾಣುವುದಿಲ್ಲ. ಅದಕ್ಕೇ ಇರಬೇಕು, ಹದಿನೆಂಟು ಸೆಷನ್ನುಗಳಲ್ಲಿ ಒಂದಾದರೂ ಸುಮ್ಮನೆ ಮುಗಿಯಲಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬೆನ್ನು ತುಂಬ ಅಲೆಗಳು, ಅಲೆಗೆ ಎದುರಾಗಿ ಈಜುವ ಜಪಾನಿನ ದೊಡ್ಡ ಕೋಯಿ ಮೀನು: ಈ ಚಿತ್ರ ನನ್ನ ಅಣ್ಣನದು. ಅವನ ಬೆನ್ನಿನ ಮೇಲೆ ಎಲ್ಲ ಮುಗಿದು ಮೀನಿನ ಕಣ್ಣೊಂದು ಉಳಿದಿತ್ತು. ಕಣ್ಣನ್ನು ಕೊನೆಯ ದಿನವೇ ಹಾಕುವುದು ಆ ಹಚ್ಚೆಯವರ ಪದ್ಧತಿ. ಆ ದಿನಕ್ಕೆ ಒಂಬತ್ತು ದಿನ ಇರುವಾಗ ಅಣ್ಣನ ಹೃದಯ ನಿಂತಿತು. ಅವನಿಗೆ ಮೂವತ್ತೊಂದು ವರ್ಷ.

೧. ಮೂರು

ಅಪಾಯಿಂಟ್‌ಮೆಂಟು ರದ್ದು ಮಾಡಲು ಓಕ್‌ಲ್ಯಾಂಡಿನ ಆ ಅಂಗಡಿಗೆ ಹೋದೆ. ಫೋನಿನಲ್ಲಿ ಹೇಳಲು ಆಗಿರಲಿಲ್ಲ. ಹಚ್ಚೆಯವರು ಎಪ್ಪತ್ತು ದಾಟಿದ ಜಪಾನಿ. ಅಣ್ಣ ಅವರನ್ನು ಮೇಷ್ಟ್ರು ಎನ್ನುತ್ತಿದ್ದ. ಸುದ್ದಿ ಕೇಳಿ ಅವರು ಗ್ಲವ್ಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತರು.

ನಾನು ಕೇಳಿದೆ: "ಅದೇ ಚಿತ್ರ ನನ್ನ ಬೆನ್ನಿಗೆ ಹಾಕ್ತೀರಾ?"

"ನೋವಾಗುತ್ತೆ."

"ಎಷ್ಟು? ಸೊನ್ನೆಯಿಂದ ಹತ್ತರೊಳಗೆ ಹೇಳಿ." ನಾನು ಎಮರಿವಿಲ್‌ನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಭ್ಯಾಸಬಲ.

ಮೇಷ್ಟ್ರು ಯೋಚಿಸಿದರು. "ನಿಮ್ಮಣ್ಣ ಮೂರು ಅಂತಿದ್ದ. ಮೂರು, ಮೂರು ಅಂತಲೇ ನನ್ನ ಮೇಜಿನ ಕಾಲು ಮುರಿದ."

೨. ಸೊನ್ನೆ

ನಾನು ನೋಟ್‌ಬುಕ್ಕು ಇಟ್ಟೆ. ಭುಜ ನಾಲ್ಕು. ಬೆನ್ನುಮೂಳೆ ಏಳು. ಪಕ್ಕೆಲುಬು ಒಂಬತ್ತು. ಪ್ರತಿ ಅರ್ಧ ಗಂಟೆಗೆ ನಾನು ಅಂಕಿ ಹೇಳುವುದು, ಮೇಷ್ಟ್ರು ಮೆಷೀನು ನಿಲ್ಲಿಸಿ ಬರೆದುಕೊಳ್ಳುವುದು.

ಒಂಬತ್ತಕ್ಕೂ ನಾನು ಅಳಲಿಲ್ಲ. ಐದನೆಯ ಸೆಷನ್ನಿನಲ್ಲಿ ಕೆಲಸ ಮುಗಿದು, ಅವರು ಬೆನ್ನನ್ನು ಸೋಪಿನ ನೀರಿನಿಂದ ಮೆಲ್ಲಗೆ ಒರೆಸುತ್ತಿದ್ದಾಗ ಅಳು ಬಂತು. ನಿಲ್ಲಲಿಲ್ಲ. ಅವರು ಒರೆಸುತ್ತಲೇ ಇದ್ದರು. ಆಮೇಲೆ ಪೆನ್ನು ತೆಗೆದುಕೊಂಡು ಕೇಳಿದರು: "ಇದಕ್ಕೆ ಎಷ್ಟು ಬರೀಲಿ?"

"ಇದು ಬರೀ ನೀರು. ಸೊನ್ನೆ."

ಬರೆದುಕೊಂಡರು. "ನಲವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಸೊನ್ನೆಗೆ ಇಷ್ಟು ಅತ್ತವರನ್ನು ನೋಡಿಲ್ಲ."

೩. ಎಣ್ಣೆ

ಅಣ್ಣ ಹೋದ ಮೇಲೆ ಅಮ್ಮ ಮೈಸೂರಿನಿಂದ ಬಂದು, ಓಕ್‌ಲ್ಯಾಂಡಿನಿಂದ ಅರ್ಧ ಗಂಟೆ ದೂರದ ನೆವಾರ್ಕ್‌ನಲ್ಲಿ ನನ್ನ ಅಪಾರ್ಟ್‌ಮೆಂಟಿನಲ್ಲೇ ಇದ್ದಳು. ಹಚ್ಚೆಯ ವಿಷಯ ಅವಳಿಗೆ ಹೇಳಿರಲಿಲ್ಲ.

"ಯಾಕೆ ಪುಟ್ಟಿ, ಯಾವಾಗಲೂ ಬೋರಲು ಮಲಗ್ತೀಯ?"

"ಬೆನ್ನುನೋವು." ಸುಳ್ಳಲ್ಲ.

ಅವಳು ಕೇಳಬಹುದಾದ ಪ್ರಶ್ನೆಗಳನ್ನು ಊಹಿಸಿ ಹನ್ನೊಂದು ನೆಪ ಪಟ್ಟಿ ಮಾಡಿಟ್ಟಿದ್ದೆ. ಸಾವಿನ ವರ್ಷ ಹಬ್ಬವಿಲ್ಲ ಎಂದುಕೊಂಡಿದ್ದರಿಂದ ನರಕ ಚತುರ್ದಶಿ ಪಟ್ಟಿಯಲ್ಲಿರಲಿಲ್ಲ. ಬೆಳಿಗ್ಗೆ ಅಮ್ಮ ಬಿಸಿ ಎಣ್ಣೆಯ ಬಟ್ಟಲು ಹಿಡಿದು ಬಂದವಳೇ, ಮಣೆಯ ಮೇಲೆ ಕೂರಿಸಿ, ನನ್ನ ಟೀಶರ್ಟು ಮೇಲಕ್ಕೆತ್ತಿದಳು.

ಆಮೇಲೆ ಒಂದು ಬೆರಳು ಅಲೆಯ ಗೆರೆಯ ಮೇಲೆ ನಿಧಾನವಾಗಿ ಹರಿಯಿತು.

"ಇದು ಅವನದಲ್ವಾ?"

"ನಿಂಗೆ ಗೊತ್ತಿತ್ತಾ?"

"ಹೋದ ದೀಪಾವಳಿಗೆ ಮೈಸೂರಿಗೆ ಬಂದಿದ್ನಲ್ಲ, ಎಣ್ಣೆ ಹಚ್ಚುವಾಗ ನೋಡಿದೆ. ಕೋಪ ಬಂತು. ಮಾತು ಬಿಟ್ಟೆ. ಅವನು ಬಂದಿದ್ದೇ ಎರಡು ವಾರ ಕಣೇ. ಅದರಲ್ಲಿ ಒಂದು ವಾರ ನಾನು ಅವನ ಮುಖ ನೋಡಲಿಲ್ಲ."

ಅವಳು ಅತ್ತಳು. ನನ್ನ ಜೊತೆಗೂ ಮಾತು ಬಿಡುತ್ತಾಳೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಬೆನ್ನ ಮೇಲೆ ಎಣ್ಣೆ ಬಿತ್ತು. ಬೇಕಾದ್ದಕ್ಕಿಂತ ಜೋರಾಗಿಯೇ ತಿಕ್ಕುತ್ತ ಅಂದಳು: "ನಿಮ್ಮಜ್ಜಿ ಈರುಳ್ಳಿ ಸಹ ಮುಟ್ಟಿದವರಲ್ಲ. ಇಬ್ಬರಿಗೂ ಮೀನೇ ಬೇಕಾಗಿತ್ತೇನೇ?"

೪. ಕಣ್ಣು

ಕೊನೆಯ ಸೆಷನ್ನು ಒಂದು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ. ಅಮ್ಮ ತಾನೂ ಬರುತ್ತೇನೆಂದು ಕಾರು ಹತ್ತಿದಳು. ಫ್ರೀವೇ ಸೇರಿದ ಮೇಲೆ ಅವಳಿಗೆ ನೆನಪಾಯಿತು.

"ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ! ವಿಗ್ರಹಕ್ಕೂ ಶಿಲ್ಪಿಗಳು ಕಣ್ಣು ಕೊನೆಗೇ ತೆರೆಸೋದು. ಒಳ್ಳೇ ಹೊತ್ತು ನೋಡಬೇಡ್ವಾ?"

"ಇಲ್ಲಿಯ ರಾಹುಕಾಲಾನಾ, ಮೈಸೂರಿನದಾ?"

ಅಮ್ಮ ಯೋಚಿಸಿದಳು. "ಮೀನು ಎಲ್ಲಿದೆ? ಇಲ್ಲಿ. ಇಲ್ಲಿಯದೇ."

ಮೇಷ್ಟ್ರಿಗೆ ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಏನೂ ಪ್ರಶ್ನಿಸದೆ ಟೀ ಮಾಡಿದರು. ಮೂವರೂ ಒಂದೂವರೆ ಗಂಟೆ ಗೋಡೆ ಗಡಿಯಾರ ನೋಡುತ್ತ ಕೂತೆವು.

ಹತ್ತೂವರೆಯಾಗಿ ಒಂದು ನಿಮಿಷಕ್ಕೆ ನಾನು ಬೋರಲು ಮಲಗಿದೆ. ಅಮ್ಮ ಅಷ್ಟರಲ್ಲಾಗಲೇ ಕೈಚೀಲದಿಂದ ಸಣ್ಣ ಕನ್ನಡಿ ತೆಗೆದಿದ್ದಳು. ಕಣ್ಣು ತೆರೆದ ವಿಗ್ರಹಕ್ಕೆ ಮೊದಲು ಕನ್ನಡಿ ತೋರಿಸಬೇಕಂತೆ. ಮಲಗಿದ ಮೇಲೆ ನನಗೆ ಕಂಡದ್ದು ಅವಳ ಚಪ್ಪಲಿ ಮಾತ್ರ. ಸೂಜಿ ಇಳಿಯಿತು.

ಅರ್ಧ ಕೆಲಸದಲ್ಲಿ, ಟಕ್ ಎಂದು ಕನ್ನಡಿ ನನ್ನ ಮೂಗಿನ ಪಕ್ಕ ಬಂದು ಕೂತಿತು.

"ಯಾಕಮ್ಮ ಇಟ್ಟುಬಿಟ್ಟೆ?"

"ಕನ್ನಡಿ ಬೇಡ. ನನ್ನ ಮುಖ ನೋಡಲಿ."

ಅವಳ ಉಸಿರು ನನ್ನ ಬೆನ್ನಿಗೆ ತಾಗುತ್ತಿತ್ತು. ಮೆಷೀನು ನಿಂತಿತು. ಮೇಷ್ಟ್ರು ಬಹಳ ಮರ್ಯಾದೆಯಿಂದ, "ನಿಮ್ಮ ತಾಯಿ ಬೆಳಕಿಗೆ ಅಡ್ಡ ನಿಂತಿದ್ದಾರೆ," ಎಂದರು. ಅಮ್ಮನಿಗೆ ಹೇಳಿದೆ.

"ಅವರನ್ನೇ ಸರಿಯೋಕೆ ಹೇಳೇ," ಎಂದಳು ಅಮ್ಮ. "ಈ ಸಲ ನಾನು ಮುಖ ತಿರುಗಿಸಲ್ಲ."

ಎಪ್ಪತ್ತು ದಾಟಿದ ಮೇಷ್ಟ್ರು ಸ್ಟೂಲು, ದೀಪ, ಮೆಷೀನು ಎಲ್ಲ ಎಳೆದುಕೊಂಡು ಮೇಜು ಸುತ್ತಿ ಈಚೆ ಕಡೆ ಬಂದರು.