ಮೂರು ತಿಂಗಳ ರೋಗಿ ಎದ್ದು ಓಡಿದ್ದು

ಕೋಳಿಗಿಂತ ಮೊದಲು ಸೈರನ್ ಕೂಗುವ ಒಂದೂರಿತ್ತಂತೆ, ಹೆಸರು ಜಿಗಣಿ. ಅಲ್ಲಿ ಕಾರ್ಖಾನೆಯೊಂದರ ಹಿಂದೆ ತಗಡಿನ ಚರ್ಚು. ಆ ಚರ್ಚಿನಲ್ಲಿ, ಏಳು ಸಮುದ್ರದಾಚೆಯ ರಾಜಕುಮಾರಿಗೆ ಹಂಬಲಿಸುವವನಂತೆ, ಪ್ರಸಂಗಪೀಠಕ್ಕೆ ಹಂಬಲಿಸುವ ಒಬ್ಬ ಸ್ಟೋರ್‌ಕೀಪರ್, ಜಯಶೀಲ.

ಅವನು ಪ್ರಸಂಗ ಮಾಡಿದರೆ ಫ್ಯಾನೂ ತೂಕಡಿಸುತ್ತಿತ್ತು. ಪಾಸ್ಟರು ಕೊನೆಯ ಅವಕಾಶ ಕೊಟ್ಟಿದ್ದರು. "ನಡುವೆ ಒಂದು ಕತೆ ಹೇಳಪ್ಪಾ, ಜನ ಎಚ್ಚರವಾಗಿರ್ತಾರೆ. ಆದ್ರೆ ನಡೆದದ್ದೇ ಆಗಿರ್ಬೇಕು. ಕಟ್ಟುಕತೆ ಹೇಳಿದ್ಯೋ, ಮತ್ತೆ ಪೀಠ ಹತ್ತೋ ಹಾಗಿಲ್ಲ."

"ನಡೆದದ್ದೇ ಹೇಳ್ತೀನಿ ಪಾಸ್ಟರೇ, ಮಾತು ಕೊಟ್ಟೆ," ಅಂದಿದ್ದ. ಆದರೆ ಅವನ ಬದುಕಿನಲ್ಲಿ ನಟ್ಟು ಬೋಲ್ಟು ಬಿಟ್ಟು ಬೇರೇನು ನಡೆದಿತ್ತು?

ಭಾನುವಾರ ಬೆಳಿಗ್ಗೆ ಪ್ರಸಂಗ ಅರ್ಧಕ್ಕೆ ಬರುವಷ್ಟರಲ್ಲಿ, ಮುಂದಿನ ಚಾಪೆಯಲ್ಲಿ ಕೂತಿದ್ದ ಹಿರಿಯಮ್ಮ ಸೊಣ್ಣಮ್ಮನವರ ಗಲ್ಲ ಎದೆಗೆ ತಾಗಿತು. ಜಯಶೀಲ ಬೆದರಿದ.

"ನಮ್ಮ ಬಾಡಿಗೆ ರೂಮುಗಳ ಸಾಲಲ್ಲೇ ಒಬ್ಬರು ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ," ಅಂದುಬಿಟ್ಟ. "ಯಾರೋ ಪುಣ್ಯಾತ್ಮರು ದಿನಾ ಬಾಗಿಲಲ್ಲಿ ಬಿಸಿ ಗಂಜಿ ಇಟ್ಟು, ಹೆಸರೂ ಹೇಳದೆ ಹೋಗ್ತಾರೆ..."

ಸೊಣ್ಣಮ್ಮನವರ ಕಣ್ಣು ತೆರೆಯಿತು, ತುಂಬಿಯೂ ಬಂತು. ಸಭೆಯೆಲ್ಲ ಮೂಗೊರೆಸಿಕೊಂಡಿತು. ಹುರುಪೇರಿದ ಜಯಶೀಲ ಗಂಜಿಗೆ ಉಪ್ಪಿನಕಾಯಿಯನ್ನೂ ಸೇರಿಸಿದ.

ಆದರೆ ಕಾಯಿಲೆ ಅಂತ ಕಿವಿಗೆ ಬಿದ್ದಮೇಲೆ ಸುಮ್ಮನೆ ಕೂರುವ ಪದ್ಧತಿ ಆ ಸಭೆಗಿಲ್ಲ. ಆಮೆನ್ ಅಂದದ್ದೇ ತಡ, ಸೊಣ್ಣಮ್ಮ ಪ್ರಾರ್ಥನೆಯ ಎಣ್ಣೆ ಸೀಸೆ ಹಿಡಿದು ನಿಂತರು. "ನಡಿಯಪ್ಪಾ, ರೂಮು ತೋರ್ಸು. ಆ ಮಗನ ತಲೆ ಮ್ಯಾಲೆ ಕೈಯಿಕ್ಕಿ ಪ್ರಾರ್ಥನೆ ಮಾಡ್ದೆ ನಾನು ಉಂಬಾಕಿಲ್ಲ."

"ಅಮ್ಮಾ, ಅವರಿಗೆ... ಜನ ಕಂಡ್ರೆ ಆಗಲ್ಲ."

"ಮೂರು ತಿಂಗ್ಳು ಒಂಟಿಯಾಗ್ ಮನಗಿದ್ರೆ ಇನ್ನೇನಾಯ್ತದೆ? ನಡಿ!"

ಹತ್ತು ಹೆಂಗಸರು, ನಾಲ್ಕು ಕ್ಯಾರಿಯರ್ ಊಟ, ಹಿಂದೆ ಪಾಸ್ಟರು. ಮುಂದೆ, ಕಟುಕನ ಅಂಗಡಿಗೆ ತಾನೇ ದಾರಿ ತೋರಿಸುವ ಕುರಿಯಂತೆ ಜಯಶೀಲ. ಸಾಲಿನ ರೂಮುಗಳಿಗೆಲ್ಲ ಬೀಗ. ತೆರೆದಿದ್ದದ್ದು ಅವನದೊಂದೇ. ಒಳಗೆ ಅವನ ಜೊತೆಗಾರ, ಬಾಗಲಕೋಟೆ ಕಡೆಯ ಯಮನಪ್ಪ, ನೈಟ್ ಶಿಫ್ಟು ಮುಗಿಸಿ ಮುಸುಕೆಳೆದು ಮಲಗಿದ್ದ.

"ಅಯ್ಯೋ ಕಂದಾ, ನಿನ್ ರೂಮಲ್ಲೇ! ಎಸ್ರು ಯೋಳ್ದೆ ಗಂಜಿ ಇಡೋ ಪುಣ್ಯಾತ್ಮ ನೀನೇನಾ?"

ಜಯಶೀಲ ಬಾಯಿ ತೆರೆಯುವ ಮೊದಲೇ ಹತ್ತು ಜೊತೆ ಕೈಗಳು ಯಮನಪ್ಪನ ತಲೆ ಮೇಲಿದ್ದವು. ಎಣ್ಣೆ ಹಣೆಯಿಂದ ಕಿವಿಯೊಳಗಿಳಿಯಿತು. "ಎದ್ದೇಳು!" ಸೊಣ್ಣಮ್ಮ ಗುಡುಗಿದರು.

"ಯವ್ವಾ, ಸತ್ನೆಪ್ಪೋ!" ಯಮನಪ್ಪ ಚಿಮ್ಮಿದವನೇ ಬಾಗಿಲು ದಾಟಿ, ಬೀದಿಯ ಕೊನೆಯವರೆಗೂ ಓಡಿದ.

"ಮೂರು ತಿಂಗ್ಳ ರೋಗಿ ಓಡ್ದ! ಸ್ತೋತ್ರ!"

ಕೋಳಿಸಾರಿನ ವಾಸನೆಗೆ ಯಮನಪ್ಪ ಹಿಂದಿರುಗಿದ. ನಾಲ್ಕೂ ಕ್ಯಾರಿಯರ್ ನೋಡಿ, ಏನು ಎತ್ತ ಎಂದು ಕೇಳದೆ ಉಣ್ಣಲು ಕೂತ.

ಸಂಜೆಯ ಸಭೆಗೆ ಅವನದೇ ಸಾಕ್ಷಿ. "ಕಾಲು ಮರಗಟ್ಟಿ ಹೋಗಿದ್ವು ನೋಡ್ರಿ. ಡಾಕ್ಟರ್ರೂ ಕೈ ಚೆಲ್ಲಿದ್ರು..."

ಜಯಶೀಲನಿಗೆ ತಡೆಯಲಾಗಲಿಲ್ಲ. ಪೀಠ ಹತ್ತಿ, ಮೈಕು ಕಸಿದುಕೊಂಡು, ನಡೆದದ್ದನ್ನೆಲ್ಲ ನಡೆದ ಹಾಗೇ ಹೇಳಿದ: ಬೆಳಗಿನ ತೂಕಡಿಕೆ, ಸುಳ್ಳು ಗಂಜಿ, ನೈಟ್ ಶಿಫ್ಟು, ಕಿವಿಯೊಳಗಿನ ಎಣ್ಣೆ.

ಒಬ್ಬರೂ ತೂಕಡಿಸಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂಥಾ ಕತೆ ಕಟ್ದೆಯಪ್ಪಾ!" ಸೊಣ್ಣಮ್ಮ ಕಣ್ಣೊರೆಸಿಕೊಂಡರು. "ಅವ್ನು ಎದ್ದು ಓಡಿದ್ದು ನಾವೇ ನೋಡಿದ್ದೀವಿ, ನಮ್ಗೇ ಯೋಳ್ತೀಯಾ?"

"ಬಾಯಿ ಬಿಟ್ರ ಬರೇ ಸುಳ್ಳ ಇವಂದು," ಯಮನಪ್ಪ ತೇಗಿದ.

ಪಾಸ್ಟರು ಮಾತ್ರ ನಗಲಿಲ್ಲ. ಮೈಕು ತೆಗೆದುಕೊಂಡರು. "ಬೆಳಿಗ್ಗೆ ನಡೆದದ್ದನ್ನ ಎಷ್ಟು ಚೆನ್ನಾಗಿ ಹೇಳಿದ್ಯಲ್ಲೋ. ಈಗ ಯಾಕಪ್ಪಾ ಕಟ್ಟುಕತೆ? ಇಳಿ ಕೆಳಗೆ. ಇನ್ನು ಹತ್ತಬೇಡ."

ಕೊಟ್ಟ ಮಾತನ್ನು ಅಂತೂ ಉಳಿಸಿಕೊಂಡ ಜಯಶೀಲ, ಪೀಠ ಇಳಿದ.